ಬ್ಯಾಚ್ ಲೂಪ್ ಓಡುತ್ತಿರುವಾಗಲೇ ಅದು ತೆರೆದ ಪ್ರೋಗ್ರಾಂ ಮಾತ್ರ ರೀಸ್ಟಾರ್ಟ್ ಆಗಬೇಕು, ಹೇಗೆ?

ಬೈಕಂಪಾಡಿ_ವೇಬ್ರಿಡ್ಜ್

ಎಲ್ಲರಿಗೂ ನಮಸ್ಕಾರ. ಬೈಕಂಪಾಡಿಯಲ್ಲಿ ನಮ್ಮದೊಂದು ಲಾರಿ ತೂಗುವ ವೇಬ್ರಿಡ್ಜ್ ಉಂಟು. ಪಣಂಬೂರು ಬಂದರಿಗೆ ಹೋಗುವ ಲಾರಿಗಳು ಹಗಲೂ ರಾತ್ರಿಯೂ ಬರುತ್ತವೆ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಓದಿ ಚೀಟಿ ಪ್ರಿಂಟ್ ಮಾಡುವ ಹಳೇ ಪ್ರೋಗ್ರಾಂ ಒಂದಿದೆ. ವಿಂಡೋಸ್ 10ರಲ್ಲಿ ಓಡುತ್ತದೆ. ಮಾಡಿಕೊಟ್ಟವರು ಈಗ ಫೋನ್ ಎತ್ತುವುದಿಲ್ಲ, ಸೋರ್ಸ್ ಕೋಡ್ ನಮ್ಮ ಹತ್ತಿರ ಇಲ್ಲ. ಪ್ರೋಗ್ರಾಂ ಬಿಟ್ಟರೆ ಬೇರೆ ದಾರಿ ಸದ್ಯಕ್ಕಿಲ್ಲ.

ತೊಂದರೆ ಏನು ಅಂದರೆ, ಅದು ದಿನಪೂರ್ತಿ ಓಡಿದರೆ ನಿಧಾನ ಆಗುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದರೆ ಕೆಲವೊಮ್ಮೆ ತೂಕ ಅಲ್ಲಿಗೇ ನಿಂತುಬಿಡುತ್ತದೆ. ಅದಕ್ಕೆ ಒಂದು ಬ್ಯಾಚ್ ಫೈಲ್ (ಸಾಲುಸಾಲಾಗಿ ಕಮಾಂಡ್ ಬರೆದಿಟ್ಟ ಫೈಲ್) ಇಟ್ಟಿದ್ದೇವೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ, ಅರ್ಥ ಆಗುತ್ತದೆ ಅಲ್ವಾ:

:ಲೂಪ್
ಸ್ಟಾರ್ಟ್ "" "ಡಿ:\ತೂಕ\ತೂಕ.ಎಕ್ಸ್‌ಇ"
ಟೈಮ್‌ಔಟ್ /ಟಿ 21600
ಟಾಸ್ಕ್‌ಕಿಲ್ /ಎಫ್ /ಐಎಂ ತೂಕ.ಎಕ್ಸ್‌ಇ
ಗೋಟು ಲೂಪ್

ಅಂದರೆ ಆರು ಗಂಟೆಗೊಮ್ಮೆ ಕೊಂದು ಪುನಃ ಶುರು ಮಾಡುತ್ತದೆ. ಆದರೆ ಪ್ರೋಗ್ರಾಂ ಹತ್ತೇ ನಿಮಿಷದಲ್ಲಿ ಬಿದ್ದುಹೋದರೆ ಉಳಿದ ಐದೂ ಮುಕ್ಕಾಲು ಗಂಟೆಗೂ ಜಾಸ್ತಿ ಲೂಪ್ ಸುಮ್ನೆ ಕಾಯುತ್ತಾ ಕೂರುತ್ತದೆ. ಇನ್ನೊಂದು ಕಡೆ, ಲಾರಿ ಪ್ಲಾಟ್‌ಫಾರಂ ಮೇಲೆ ನಿಂತಿರುವಾಗಲೇ ಆರು ಗಂಟೆ ಮುಗಿದರೆ ಚೀಟಿ ಅರ್ಧಕ್ಕೆ ನಿಲ್ಲುತ್ತದೆ, ಹಿಂದೆ ಸಾಲು ಬೆಳೆಯುತ್ತದೆ, ಡ್ರೈವರ್‌ಗಳ ಜೊತೆ ಜಗಳ. ಕೆಲವೊಮ್ಮೆ ಎರಡೆರಡು ಪ್ರೋಗ್ರಾಂ ತೆರೆದುಕೊಂಡು 'ಪೋರ್ಟ್ ಬ್ಯುಸಿ' ಅಂತ ಬರುತ್ತದೆ.

ನಮಗೆ ಬೇಕಾದದ್ದು ಇಷ್ಟು. ಪ್ರೋಗ್ರಾಂ ಬಿದ್ದರೆ ತಾನಾಗಿ ಏಳಬೇಕು. ರಾತ್ರಿ ಒಮ್ಮೆ ರೀಸ್ಟಾರ್ಟ್ ಆಗಬೇಕು. ಮಧ್ಯೆ ಬೇಕೆಂದಾಗ ಆಪರೇಟರ್ ಒಂದು ಐಕಾನ್ ಒತ್ತಿದರೆ ಸಾಕಾಗಬೇಕು. ಆಪರೇಟರ್‌ಗಳು ಕಂಪ್ಯೂಟರ್ ಓದಿದವರಲ್ಲ, ಕಮಾಂಡ್ ಪ್ರಾಂಪ್ಟ್‌ನ ಕರಿ ಕಿಟಕಿ ನೋಡಿದರೆ ಹೆದರುತ್ತಾರೆ.

ಮಣಿಪಾಲ_ಕಮಾಂಡ್

ಒಂದೇ ಲೂಪಿಗೆ ಎರಡು ಕೆಲಸ ಕೊಟ್ಟಿದ್ದೀರಿ, ಎಲ್ಲ ತೊಂದರೆ ಅಲ್ಲಿಂದಲೇ ಬರುತ್ತಿದೆ. ಎಬ್ಬಿಸುವುದೂ ಅದೇ, ಕೊಲ್ಲುವುದೂ ಅದೇ. ಎರಡನ್ನೂ ಬೇರೆ ಮಾಡಿ. ಲೂಪ್ ಮಾಡಬೇಕಾದ್ದು ಪ್ರೋಗ್ರಾಂ ತೆರೆದು ಅದು ಮುಚ್ಚುವವರೆಗೆ ಕಾಯುವುದು, ಮುಚ್ಚಿದ ಮೇಲೆ ಮತ್ತೆ ತೆರೆಯುವುದು, ಅಷ್ಟೇ:

:ಲೂಪ್
ಸ್ಟಾರ್ಟ್ "" /ವೇಟ್ "ಡಿ:\ತೂಕ\ತೂಕ.ಎಕ್ಸ್‌ಇ"
ಟೈಮ್‌ಔಟ್ /ಟಿ 5 /ನೋಬ್ರೇಕ್
ಗೋಟು ಲೂಪ್

ನಿಮ್ಮ ಸ್ಕ್ರಿಪ್ಟ್‌ನಲ್ಲಿ ವೇಟ್ ಇಲ್ಲದ ಕಾರಣ ಸ್ಟಾರ್ಟ್ ಪ್ರೋಗ್ರಾಂ ತೆರೆದ ಕೂಡಲೇ ಮುಂದಿನ ಸಾಲಿಗೆ ಹೋಗುತ್ತದೆ. ಪ್ರೋಗ್ರಾಂ ಬದುಕಿದೆಯೋ ಸತ್ತಿದೆಯೋ ಲೂಪಿಗೆ ಗೊತ್ತೇ ಆಗುವುದಿಲ್ಲ. ವೇಟ್ ಹಾಕಿದರೆ ಅದು ಸತ್ತ ಕ್ಷಣ ಲೂಪ್ ಎಚ್ಚರ ಆಗುತ್ತದೆ. ಸ್ಟಾರ್ಟ್ ಬಿಟ್ಟು ಬರೀ ಪ್ರೋಗ್ರಾಂ ಹೆಸರು ಬರೆದರೂ ಬ್ಯಾಚ್ ಫೈಲಿನ ಒಳಗೆ ಕಾಯುತ್ತದೆ, ಕಿಟಕಿ ಇರುವ ಪ್ರೋಗ್ರಾಂ ಆದರೂ ಸರಿ. ಕರಿ ಕಿಟಕಿಯಲ್ಲಿ ಕೈಯಾರೆ ಟೈಪ್ ಮಾಡಿದಾಗ ಮಾತ್ರ ಕಾಯುವುದಿಲ್ಲ. ತುಂಬ ಜನ ಕೈಯಾರೆ ಪರೀಕ್ಷೆ ಮಾಡಿ 'ಇದು ಕಾಯುವುದಿಲ್ಲ' ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಹೀಗಾದ ಮೇಲೆ ರೀಸ್ಟಾರ್ಟ್ ಅಂದರೆ ಬರೀ ಪ್ರೋಗ್ರಾಂ ಮುಚ್ಚುವುದು. ಯಾರು ಮುಚ್ಚಿದರೂ, ಹೇಗೆ ಮುಚ್ಚಿದರೂ ಲೂಪ್ ಐದು ಸೆಕೆಂಡ್ ಬಿಟ್ಟು ಎಬ್ಬಿಸುತ್ತದೆ. ಡೆಸ್ಕ್‌ಟಾಪ್‌ನಲ್ಲಿ 'ರೀಸ್ಟಾರ್ಟ್' ಅಂತ ಇನ್ನೊಂದು ಪುಟ್ಟ ಬ್ಯಾಚ್ ಫೈಲ್ ಇಡಿ, ಅದರಲ್ಲಿ ಟಾಸ್ಕ್‌ಕಿಲ್ ಒಂದೇ ಸಾಲು. ರಾತ್ರಿ ಹೊತ್ತಿಗೆ ಅದನ್ನೇ ಟಾಸ್ಕ್ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡುವ ವಿಂಡೋಸ್‌ನ ವ್ಯವಸ್ಥೆ) ಒತ್ತಲಿ. ಓಡುತ್ತಿರುವ ಲೂಪನ್ನು ಯಾರೂ ಮುಟ್ಟುವುದು ಬೇಡ.

ಐದು ಸೆಕೆಂಡಿನ ಆ ಸಾಲನ್ನು ತೆಗೆಯಬೇಡಿ. ಪ್ರೋಗ್ರಾಂಗೆ ಬೇಕಾದ ಡಿಎಲ್‌ಎಲ್ ಫೈಲ್ ಕಾಣೆ ಆಗಿ ಪ್ರೋಗ್ರಾಂ ತೆರೆಯುತ್ತಲೇ ಬೀಳುವ ಸ್ಥಿತಿ ಬಂದರೆ, ನಡುವೆ ತಡೆ ಇಲ್ಲದ ಲೂಪ್ ಸಿಪಿಯು ಪೂರ್ತಿ ತಿಂದು ಮೌಸ್ ಕೂಡ ಅಲ್ಲಾಡದ ಹಾಗೆ ಮಾಡುತ್ತದೆ.

ಮೊದಲು ಇದನ್ನೊಂದು ನೋಡಿಕೊಳ್ಳಿ. ಕೆಲವು ಹಳೇ ಪ್ರೋಗ್ರಾಂಗಳಲ್ಲಿ ನೀವು ತೆರೆಯುವ ಎಕ್ಸ್‌ಇ ಬರೀ ಬಾಗಿಲು, ಅದು ಇನ್ನೊಂದು ಎಕ್ಸ್‌ಇ ಎಬ್ಬಿಸಿ ತಾನು ಮುಚ್ಚಿಕೊಳ್ಳುತ್ತದೆ. ಹಾಗಿದ್ದರೆ ವೇಟ್ ತಕ್ಷಣ ಮುಗಿಯುತ್ತದೆ, ಲೂಪ್ ಐದೈದು ಸೆಕೆಂಡಿಗೆ ಹೊಸ ಪ್ರತಿ ತೆರೆಯುತ್ತಾ ಹೋಗುತ್ತದೆ. ಟಾಸ್ಕ್ ಮ್ಯಾನೇಜರ್‌ನ ಡಿಟೇಲ್ಸ್ ಟ್ಯಾಬ್‌ನಲ್ಲಿ ನಿಜವಾಗಿ ಓಡುತ್ತಿರುವ ಹೆಸರು ಯಾವುದು ನೋಡಿ, ಆ ಎಕ್ಸ್‌ಇಯನ್ನೇ ನೇರವಾಗಿ ಕರೆಯಿರಿ.

ಬೈಕಂಪಾಡಿ_ವೇಬ್ರಿಡ್ಜ್

ನೋಡಿದೆ, ಒಂದೇ ಎಕ್ಸ್‌ಇ ಉಂಟು. ವೇಟ್ ಹಾಕಿದ್ದು ಸರಿಯಾಗಿ ಕೆಲಸ ಮಾಡುತ್ತಿದೆ, ಪ್ರೋಗ್ರಾಂ ಮುಚ್ಚಿದರೆ ಪುನಃ ಬರುತ್ತದೆ. ತುಂಬ ಉಪಕಾರ. ನಮ್ಮ ಎರಡನೇ ಕಂಪ್ಯೂಟರ್‌ನಲ್ಲಿ ಹುಡುಗ ಆ ಖಾಲಿ ಉದ್ಧರಣ ಚಿಹ್ನೆ ಬಿಟ್ಟು ಟೈಪ್ ಮಾಡಿದ್ದ, ಅಲ್ಲಿ ಪ್ರೋಗ್ರಾಂ ಬದಲು ಬರೀ ಕರಿ ಕಿಟಕಿ ತೆರೆಯುತ್ತದೆ. ಅದು ಯಾಕೆ? ಮತ್ತೆ ಎರಡು ಪ್ರತಿ ತೆರೆಯುವ ಸಮಸ್ಯೆ ಈಗಲೂ ಇದೆ.

ಮಣಿಪಾಲ_ಕಮಾಂಡ್

ಸ್ಟಾರ್ಟ್ ಕಮಾಂಡಿಗೆ ಉದ್ಧರಣ ಚಿಹ್ನೆಯೊಳಗೆ ಮೊದಲು ಸಿಕ್ಕಿದ್ದು ಕಿಟಕಿಯ ತಲೆಬರಹ. ಖಾಲಿ ಜೋಡಿ ಇಲ್ಲದಿದ್ದರೆ ನಿಮ್ಮ ಎಕ್ಸ್‌ಇಯ ದಾರಿಯನ್ನೇ ತಲೆಬರಹ ಅಂತ ತಿಳಿದು, ಆ ಹೆಸರಿನ ಖಾಲಿ ಕರಿ ಕಿಟಕಿ ತೆರೆಯುತ್ತದೆ. ಆದ್ದರಿಂದ ಆ ಖಾಲಿ ಜೋಡಿ ಯಾವತ್ತೂ ಇರಲಿ.

ಎರಡು ಪ್ರತಿಯ ವಿಷಯ. ಯಾರೋ ಕರಿ ಕಿಟಕಿಯನ್ನು ಮುಚ್ಚಿ, ಮತ್ತೆ ಐಕಾನ್ ಒತ್ತುತ್ತಿದ್ದಾರೆ ಅಂತ ಕಾಣುತ್ತದೆ. ಕರಿ ಕಿಟಕಿ ಮುಚ್ಚಿದರೆ ಲೂಪ್ ಸಾಯುತ್ತದೆ, ಆದರೆ ನಿಮ್ಮ ತೂಕದ ಪ್ರೋಗ್ರಾಂಗೆ ಸ್ವಂತ ಕಿಟಕಿ ಇದೆಯಲ್ಲ, ಅದು ಬದುಕಿಯೇ ಇರುತ್ತದೆ. ಹೊಸ ಲೂಪ್ ಬಂದು ಎರಡನೇ ಪ್ರತಿ ತೆರೆಯುತ್ತದೆ. ಸೀರಿಯಲ್ ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡಿಯಬಹುದು, ಹಾಗಾಗಿ ಎರಡನೆಯದಕ್ಕೆ 'ಬ್ಯುಸಿ'. ತೆರೆಯುವ ಮೊದಲು, ಅದು ಈಗಾಗಲೇ ಓಡುತ್ತಿದೆಯಾ ಅಂತ ಒಮ್ಮೆ ಕೇಳಿ:

ಟಾಸ್ಕ್‌ಲಿಸ್ಟ್ /ಎನ್‌ಎಚ್ /ಎಫ್‌ಐ "ಇಮೇಜ್‌ನೇಮ್ ಇಕ್ಯು ತೂಕ.ಎಕ್ಸ್‌ಇ" | ಫೈಂಡ್ /ಐ "ತೂಕ.ಎಕ್ಸ್‌ಇ" >ನಲ್

ಕೊನೆಯ ಫೈಂಡ್ ಬೇಕೇ ಬೇಕು. ಟಾಸ್ಕ್‌ಲಿಸ್ಟ್‌ಗೆ ಏನೂ ಸಿಗದಿದ್ದರೂ ಅದು ಎರರ್‌ಲೆವೆಲ್ (ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಫಲಿತಾಂಶದ ಸಂಖ್ಯೆ) 0, ಅಂದರೆ ಸರಿ, ಅಂತಲೇ ಹೇಳುತ್ತದೆ. ಸಿಕ್ಕಿತೋ ಇಲ್ಲವೋ ಅಂತ ಸರಿಯಾಗಿ ಹೇಳುವುದು ಫೈಂಡ್. ಇನ್ನು ಎಕ್ಸ್‌ಇ ಹೆಸರು ಉದ್ದ ಇದ್ದರೆ ಟಾಸ್ಕ್‌ಲಿಸ್ಟ್ 25 ಅಕ್ಷರಕ್ಕೆ ಕತ್ತರಿಸಿ ತೋರಿಸುತ್ತದೆ, ಆಗ ಫೈಂಡ್‌ಗೆ ಪೂರ್ತಿ ಹೆಸರು ಸಿಗುವುದಿಲ್ಲ. ಅಂಥ ಕಡೆ /ಎಫ್‌ಒ ಸಿಎಸ್‌ವಿ ಹಾಕಿ, ಅಲ್ಪವಿರಾಮ ಹಾಕಿ ಬಿಡಿಸಿದ ಸಾಲಿನಲ್ಲಿ ಪೂರ್ತಿ ಹೆಸರು ಬರುತ್ತದೆ.

ಮಲ್ಪೆ_ಐಸ್‌ಪ್ಲಾಂಟ್

ನಮ್ಮಲ್ಲಿ ಐಸ್ ಪ್ಲಾಂಟ್‌ನ ತಾಪಮಾನ ಬರೆದಿಡುವ ಪ್ರೋಗ್ರಾಂಗೆ ಇದೇ ಥರ ಲೂಪ್ ಇದೆ. ಒಂದು ವಿಷಯಕ್ಕೆ ನನ್ನ ಬಲವಾದ ವಿರೋಧ. ಬಲವಂತವಾಗಿ ಕೊಲ್ಲುವ ಆ /ಎಫ್ ಅನ್ನು ಮೊದಲ ಅಸ್ತ್ರವಾಗಿ ಬಳಸಬೇಡಿ, ದಯವಿಟ್ಟು.

ವೇಬ್ರಿಡ್ಜ್‌ನವರೇ, ನಿಮ್ಮ ಫೋಲ್ಡರ್‌ನಲ್ಲಿ ಎಂಡಿಬಿ ಅಂತ ಕೊನೆಯಾಗುವ ಫೈಲ್ ಉಂಟಾ ನೋಡಿ. ಹಳೇ ತೂಕದ ಪ್ರೋಗ್ರಾಂಗಳಲ್ಲಿ ಜಾಸ್ತಿ ಅದೇ, ಆಕ್ಸೆಸ್ ಡೇಟಾಬೇಸ್. ಪ್ರೋಗ್ರಾಂ ಓಡುವಾಗ ಪಕ್ಕದಲ್ಲಿ ಅದೇ ಹೆಸರಿನ ಎಲ್‌ಡಿಬಿ ಫೈಲ್ ಒಂದು ಹುಟ್ಟುತ್ತದೆ, ಸರಿಯಾಗಿ ಮುಚ್ಚಿದರೆ ಮಾಯ ಆಗುತ್ತದೆ. ಬಲವಂತವಾಗಿ ಕೊಂದರೆ ಅದು ಹಾಗೇ ಉಳಿಯುತ್ತದೆ. ಬರೆಯುತ್ತಿರುವಾಗಲೇ ಕೊಂದರೆ ಡೇಟಾಬೇಸ್ ಕೆಟ್ಟು, ಕಾಂಪ್ಯಾಕ್ಟ್ ಅಂಡ್ ರಿಪೇರ್ ಮಾಡುವವರೆಗೆ ತೆರೆಯುವುದೇ ಇಲ್ಲ. ದಿನದ ಲೆಕ್ಕ ಎಲ್ಲ ಅದರಲ್ಲೇ ಇರುವುದು.

/ಎಫ್ ಇಲ್ಲದ ಟಾಸ್ಕ್‌ಕಿಲ್ ಕಿಟಕಿಗೆ 'ಮುಚ್ಚಿಕೋ' ಅಂತ ಸಂದೇಶ ಕಳಿಸುತ್ತದೆ. ಮೇಲೆ ಬಲಗಡೆಯ ಗುಣಾಕಾರ ಚಿಹ್ನೆ ಒತ್ತಿದ ಹಾಗೆ. ಪ್ರೋಗ್ರಾಂ ಫೈಲ್ ಎಲ್ಲ ಮುಚ್ಚಿ ತಾನಾಗಿ ಹೋಗುತ್ತದೆ. ಹತ್ತು ಹದಿನೈದು ಸೆಕೆಂಡ್ ಕಾದು, ಇನ್ನೂ ಇದ್ದರೆ ಮಾತ್ರ /ಎಫ್. ನಮ್ಮ ರೀಸ್ಟಾರ್ಟ್ ಫೈಲ್ ಹೀಗಿದೆ:

ಟಾಸ್ಕ್‌ಕಿಲ್ /ಐಎಂ ತೂಕ.ಎಕ್ಸ್‌ಇ
ಟೈಮ್‌ಔಟ್ /ಟಿ 15 /ನೋಬ್ರೇಕ್ >ನಲ್
ಟಾಸ್ಕ್‌ಕಿಲ್ /ಎಫ್ /ಐಎಂ ತೂಕ.ಎಕ್ಸ್‌ಇ

ಮೊದಲನೆಯದರಲ್ಲೇ ಹೋಗಿದ್ದರೆ ಮೂರನೇ ಸಾಲು 'ಅಂಥದ್ದು ಇಲ್ಲ' ಅಂತ ಎರರ್‌ಲೆವೆಲ್ 128 ಕೊಡುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮಣಿಪಾಲ_ಕಮಾಂಡ್

ನೀವು ಹೇಳಿದ ವಿಧಾನ ಸರಿ, ಆದರೆ ಆ ಮೂರು ಸಾಲು ಇವರ ಲೂಪಿನ ಜೊತೆ ಹೊಂದುವುದಿಲ್ಲ. ಮೊದಲ ಸಾಲಿಗೇ ಪ್ರೋಗ್ರಾಂ ಎರಡು ಸೆಕೆಂಡಿನಲ್ಲಿ ಮುಚ್ಚಿತು ಅಂತಿಟ್ಟುಕೊಳ್ಳಿ. ಐದು ಸೆಕೆಂಡ್ ಬಿಟ್ಟು ಲೂಪ್ ಹೊಸ ಪ್ರತಿ ತೆರೆಯುತ್ತದೆ. ಹದಿನೈದನೇ ಸೆಕೆಂಡಿಗೆ ನಿಮ್ಮ ಮೂರನೇ ಸಾಲು ಬಂದು ಆ ಹೊಸ ಪ್ರತಿಯನ್ನೇ ಬಲವಂತವಾಗಿ ಕೊಲ್ಲುತ್ತದೆ. ಅದು ಆಗಷ್ಟೇ ಡೇಟಾಬೇಸ್ ತೆರೆದಿರುತ್ತದೆ.

ಹೆಸರಿನ ಬದಲು ಪಿಐಡಿ (ಓಡುವ ಒಂದೊಂದು ಪ್ರತಿಗೂ ವಿಂಡೋಸ್ ಕೊಡುವ ಸಂಖ್ಯೆ) ಹಿಡಿದು ಕೊಲ್ಲಬೇಕು. ಟಾಸ್ಕ್‌ಲಿಸ್ಟ್‌ನ ಸಿಎಸ್‌ವಿ ಸಾಲಿನಲ್ಲಿ ಎರಡನೇದು ಪಿಐಡಿ. ಒಂದು ಫಾರ್ ಸಾಲಿನಿಂದ ಅದನ್ನು ಮೊದಲೇ ಹಿಡಿದಿಟ್ಟುಕೊಂಡು, ಎರಡು ಟಾಸ್ಕ್‌ಕಿಲ್‌ಗೂ /ಪಿಐಡಿ ಅಂತ ಅದೇ ಸಂಖ್ಯೆ ಕೊಡಿ. ಹೊಸ ಪ್ರತಿಗೆ ಬೇರೆ ಪಿಐಡಿ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಜಾವಾ ಅಥವಾ ಪೈಥಾನ್ ಪ್ರೋಗ್ರಾಂ ಓಡಿಸುವವರಿಗಂತೂ ಇದು ಕಡ್ಡಾಯ. ಅಲ್ಲಿ ಎಲ್ಲದರ ಹೆಸರೂ ಒಂದೇ, ಹೆಸರು ಹಿಡಿದು ಕೊಂದರೆ ಪಕ್ಕದ ಪ್ರೋಗ್ರಾಂ ಕೂಡ ಹೋಗುತ್ತದೆ.

ಮಲ್ಪೆ_ಐಸ್‌ಪ್ಲಾಂಟ್

ಹೌದು, ನಮ್ಮ ಲೂಪ್ ಮೂವತ್ತು ಸೆಕೆಂಡ್ ಕಾಯುತ್ತದೆ, ಆದ್ದರಿಂದ ಅದು ಅಡ್ಡ ಬರುವುದಿಲ್ಲ. ಐದು ಸೆಕೆಂಡಿನವರು ಪಿಐಡಿ ಬಳಸುವುದೇ ಒಳ್ಳೆಯದು.

ಕುಂಜಿಬೆಟ್ಟು_ನಿವಾಸಿ

ಇಷ್ಟೆಲ್ಲ ಯಾಕೆ ಮಾರಾಯ್ರೆ? ರಾತ್ರಿ ಎರಡು ಗಂಟೆಗೆ ಇಡೀ ಕಂಪ್ಯೂಟರನ್ನೇ ರೀಬೂಟ್ ಮಾಡಿ. ಪ್ರೋಗ್ರಾಂ ಸ್ಟಾರ್ಟಪ್ ಫೋಲ್ಡರ್‌ನಲ್ಲಿ ಇಡಿ. ಲೂಪೂ ಬೇಡ, ಕಿಲ್ಲೂ ಬೇಡ.

ಬೈಕಂಪಾಡಿ_ವೇಬ್ರಿಡ್ಜ್

ಎರಡು ಗಂಟೆಗೂ ಲಾರಿ ಇರುತ್ತದೆ ಸರ್. ನಮ್ಮ ಕಂಪ್ಯೂಟರ್ ಹಳೆಯದು, ರೀಬೂಟ್ ಆಗಿ ಮೇಲೆ ಬರಲು ತುಂಬ ಹೊತ್ತು. ಮತ್ತೆ ಹಗಲಿನಲ್ಲಿ ಬಿದ್ದರೆ? ಅದಕ್ಕೆ ಲೂಪ್ ಬೇಕಾಗುತ್ತದಲ್ಲ.

ಸುರತ್ಕಲ್_ಸಿಸ್ಟಂ

ಟಾಸ್ಕ್ ಶೆಡ್ಯೂಲರ್ ಮಾತು ಬಂತು, ಅದಕ್ಕೆ ಹೇಳುತ್ತೇನೆ. ಲೂಪನ್ನು ಡೆಸ್ಕ್‌ಟಾಪ್ ಐಕಾನ್‌ನಿಂದ ತೆಗೆದು ಶೆಡ್ಯೂಲರ್‌ಗೆ ಕೊಡಿ, ಲಾಗಿನ್ ಆದಾಗ ಶುರು ಆಗುವ ಹಾಗೆ. ಒಂದು ಓಡುತ್ತಿರುವಾಗ ಎರಡನೇದನ್ನು ಅದು ತೆರೆಯುವುದಿಲ್ಲ, ಅದು ಮೊದಲೇ ಇರುವ ಸೆಟ್ಟಿಂಗ್. ಎರಡು ಲೂಪಿನ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಆದರೆ ಅದರ ಬೇರೆ ಕೆಲವು ಮೊದಲೇ ಇರುವ ಸೆಟ್ಟಿಂಗ್‌ಗಳು ನಿಮ್ಮ ಲೂಪಿಗೆ ವಿರುದ್ಧ. 'ಮೂರು ದಿನಕ್ಕಿಂತ ಜಾಸ್ತಿ ಓಡಿದರೆ ಟಾಸ್ಕ್ ನಿಲ್ಲಿಸು' ಅಂತ ಒಂದು ಟಿಕ್ ಹಾಕಿಯೇ ಬರುತ್ತದೆ. ಕೊನೆಯೇ ಇಲ್ಲದ ಲೂಪಿಗೆ ಅದು ಮರಣಶಾಸನ. ಮೂರು ದಿನ ಚೆನ್ನಾಗಿ ಓಡಿ ನಾಲ್ಕನೇ ದಿನ ಸುಮ್ನೆ ನಿಂತಿರುತ್ತದೆ, ಯಾರಿಗೂ ಕಾರಣ ಗೊತ್ತಾಗುವುದಿಲ್ಲ. ತೆಗೆಯಿರಿ. ಇನ್ನೊಂದು ಕಂಡಿಷನ್ಸ್ ಟ್ಯಾಬ್‌ನಲ್ಲಿ ಇದೆ, 'ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು, ಬ್ಯಾಟರಿಗೆ ಬಂದರೆ ನಿಲ್ಲಿಸು'. ನಮ್ಮದು ಲ್ಯಾಪ್‌ಟಾಪ್ ಅಲ್ಲ ಅಂತ ಬಿಟ್ಟುಬಿಡುತ್ತೇವೆ. ಆದರೆ ಯುಪಿಎಸ್‌ನ ಯುಎಸ್‌ಬಿ ಕೇಬಲ್ ಕಂಪ್ಯೂಟರ್‌ಗೆ ಸಿಕ್ಕಿಸಿದ್ದರೆ ವಿಂಡೋಸ್ ಅದನ್ನು ಬ್ಯಾಟರಿ ಅಂತಲೇ ತಿಳಿಯುತ್ತದೆ. ಕರೆಂಟ್ ಹೋಯಿತು, ಯುಪಿಎಸ್ ಹಿಡಿಯಿತು, ಕಂಪ್ಯೂಟರ್ ಆಫ್ ಆಗಲೇ ಇಲ್ಲ, ಆದರೂ ಲೂಪ್ ಸತ್ತಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನಲ್ಲಿ ಇದು ಎಷ್ಟು ಸಲ ಆಗಬಹುದು ಯೋಚಿಸಿ. ಎರಡೂ ಟಿಕ್ ತೆಗೆಯಿರಿ.

ಲಾಗಿನ್ ಇದ್ದರೂ ಇಲ್ಲದಿದ್ದರೂ ಓಡಿಸು ಅನ್ನುವುದನ್ನು ಆರಿಸಬೇಡಿ. ಆರಿಸಿದರೆ ಪ್ರೋಗ್ರಾಂ ಸೆಷನ್ 0 ಯಲ್ಲಿ, ಅಂದರೆ ಪರದೆಯ ಹಿಂದೆ ನಡೆಯುವ ಕೆಲಸಗಳ ಜಾಗದಲ್ಲಿ ಓಡುತ್ತದೆ, ವಿಂಡೋಸ್ ವಿಸ್ಟಾದಿಂದ ಈಚೆಗೆ ಅಲ್ಲಿಯ ಕಿಟಕಿಗಳು ಪರದೆಗೆ ಬರುವುದಿಲ್ಲ. ಪ್ರೋಗ್ರಾಂ ಓಡುತ್ತಿರುತ್ತದೆ, ಪೋರ್ಟ್ ಹಿಡಿದಿರುತ್ತದೆ, ಆಪರೇಟರ್ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಮೇಲಾಗಿ ಅಲ್ಲಿ ಟೈಮ್‌ಔಟ್ ಕಮಾಂಡ್ ಕೀಬೋರ್ಡ್ ಸಿಗದೆ ಎರರ್ ಕೊಟ್ಟು ಕಾಯದೇ ಹೋಗುತ್ತದೆ, ನಿಮ್ಮ ಐದು ಸೆಕೆಂಡಿನ ತಡೆ ಇಲ್ಲವಾಗುತ್ತದೆ. ಅಂಥ ಕಡೆ ಪಿಂಗ್ /ಎನ್ 6 127.0.0.1 ಅಂತ ಹಾಕುತ್ತಾರೆ, ಸುಮಾರು ಐದು ಸೆಕೆಂಡ್ ಹಿಡಿಯುತ್ತದೆ.

ಮತ್ತೆ ಬ್ಯಾಚ್ ಫೈಲಿನ ಮೊದಲ ಸಾಲಿನಲ್ಲೇ ಸಿಡಿ /ಡಿ "%~ಡಿಪಿ0" ಇರಲಿ. ಶೆಡ್ಯೂಲರ್ ಶುರು ಮಾಡಿದಾಗ ಸ್ಕ್ರಿಪ್ಟ್ ನಿಂತಿರುವ ಜಾಗ ಸಿಸ್ಟಂ32 ಫೋಲ್ಡರ್, ನಿಮ್ಮ ಡಿ:\ತೂಕ ಅಲ್ಲ.

ಬೈಕಂಪಾಡಿ_ವೇಬ್ರಿಡ್ಜ್

ಯುಪಿಎಸ್ ಕೇಬಲ್ ನಮ್ಮಲ್ಲಿ ಸಿಕ್ಕಿಸಿಯೇ ಇದೆ! ಎರಡೂ ಟಿಕ್ ತೆಗೆದೆ.

ಈಗ ಉಳಿದದ್ದು ಹ್ಯಾಂಗ್ ಆಗುವುದು. ಪ್ರೋಗ್ರಾಂ ಬೀಳುವುದಿಲ್ಲ, ಮುಚ್ಚುವುದಿಲ್ಲ, ತೂಕ ಮಾತ್ರ ನಿಂತುಬಿಡುತ್ತದೆ. ಲೂಪಿಗೆ ಇದು ಹೇಗೆ ಗೊತ್ತಾಗಬೇಕು?

ಸುರತ್ಕಲ್_ಸಿಸ್ಟಂ

ಎರಡು ಥರದ ಹ್ಯಾಂಗ್ ಇದೆ. ಕಿಟಕಿಯೇ ಬಿಳಿಚಿಕೊಂಡು 'ನಾಟ್ ರೆಸ್ಪಾಂಡಿಂಗ್' ಅಂತ ಬರುವುದು ಒಂದು. ಕಿಟಕಿ 5 ಸೆಕೆಂಡ್ ಯಾವ ಸಂದೇಶಕ್ಕೂ ಉತ್ತರ ಕೊಡದಿದ್ದರೆ ವಿಂಡೋಸ್ ಹಾಗೆ ಗುರುತು ಹಾಕುತ್ತದೆ. ಇದನ್ನು ಟಾಸ್ಕ್‌ಲಿಸ್ಟ್‌ಗೆ /ಎಫ್‌ಐ "ಸ್ಟೇಟಸ್ ಇಕ್ಯು ನಾಟ್ ರೆಸ್ಪಾಂಡಿಂಗ್" ಅಂತ ಹಾಕಿ ಹಿಡಿಯಬಹುದು. ಒಂದೇ ಸಲ ಕಂಡಿತು ಅಂತ ಕೊಲ್ಲಬೇಡಿ, ಪ್ರಿಂಟರ್ ನಿಧಾನ ಆದಾಗಲೂ ಹಾಗೆ ಕಾಣುತ್ತದೆ. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ಮಾತ್ರ.

ನಿಮ್ಮದು ಇನ್ನೊಂದು ಥರ ಅನಿಸುತ್ತದೆ. ಬಟನ್ ಎಲ್ಲ ಒತ್ತಲು ಬರುತ್ತದೆ, ತೂಕದ ಅಂಕಿ ಮಾತ್ರ ಅಲ್ಲಾಡುವುದಿಲ್ಲ. ವಿಂಡೋಸ್ ಕಣ್ಣಿಗೆ ಪ್ರೋಗ್ರಾಂ ಚೆನ್ನಾಗಿಯೇ ಇದೆ. ಆಗ ಪ್ರೋಗ್ರಾಂ ಹೊರಗೆ ಬಿಡುವ ಯಾವುದಾದರೂ ಗುರುತು ಹುಡುಕಬೇಕು. ಇಂಡಿಕೇಟರ್‌ನಿಂದ ಬಂದ ಸಾಲುಗಳನ್ನು ಅದು ಲಾಗ್ ಫೈಲಿಗೆ ಬರೆಯುತ್ತದಾ?

ಬೈಕಂಪಾಡಿ_ವೇಬ್ರಿಡ್ಜ್

ಬರೆಯುತ್ತದೆ. ರಾ.ಟಿಎಕ್ಸ್‌ಟಿ ಅಂತ ಒಂದು ಫೈಲ್. ಲಾರಿ ಇಲ್ಲದಾಗಲೂ ಸೊನ್ನೆ ಸೊನ್ನೆ ಅಂತ ಬರೆಯುತ್ತಲೇ ಇರುತ್ತದೆ.

ಸುರತ್ಕಲ್_ಸಿಸ್ಟಂ

ಹಾಗಾದರೆ ಅರ್ಧ ಕೆಲಸ ಆಯಿತು. ಆ ಫೈಲ್ ಬೆಳೆಯುತ್ತಿದ್ದರೆ ಪ್ರೋಗ್ರಾಂ ಬದುಕಿದೆ. ಎರಡು ನಿಮಿಷಕ್ಕೊಮ್ಮೆ ಅಳತೆ ನೋಡಿ, ಹಿಂದಿನ ಸಲದಷ್ಟೇ ಇದ್ದರೆ ರೀಸ್ಟಾರ್ಟ್ ಫೈಲನ್ನು ಕರೆಯಿರಿ. ಅಳತೆಗೆ ಫಾರ್ ಸಾಲಿನಲ್ಲಿ %%~ಝಡ್ ಬಳಸುತ್ತಾರೆ.

ಕಾಪು_ಕಡಲತಡಿ

%%~ಝಡ್ ನಂಬಬೇಡಿ. ವಿಂಡೋಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಯಾರೋ ತೆರೆದಿಟ್ಟುಕೊಂಡು ಬರೆಯುತ್ತಿರುವ ಫೈಲಿನ ಅಳತೆ ಫೋಲ್ಡರ್ ಪಟ್ಟಿಯಲ್ಲಿ ತಕ್ಷಣ ಬದಲಾಗುವುದಿಲ್ಲ. ಫೈಲ್ ಮುಚ್ಚಿದ ಮೇಲೆ ಬದಲಾಗಬಹುದು. ಡಿಐಆರ್ ಕೊಟ್ಟರೂ ಹಳೇ ಅಳತೆಯೇ ತೋರಿಸುತ್ತದೆ. %%~ಝಡ್ ಓದುವುದು ಆ ಪಟ್ಟಿಯನ್ನೇ. ಪ್ರೋಗ್ರಾಂ ಚೆನ್ನಾಗಿ ಬರೆಯುತ್ತಿದ್ದರೂ ನಿಮ್ಮ ಕಾವಲುಗಾರ 'ಸತ್ತಿದೆ' ಅಂತ ತಿಳಿದು ಎರಡು ನಿಮಿಷಕ್ಕೊಮ್ಮೆ ಕೊಲ್ಲುತ್ತಾನೆ. ಅದರ ಬದಲು ಫೈಲನ್ನು ತೆರೆದು ಸಾಲು ಎಣಿಸಿ:

ಫೈಂಡ್ /ಸಿ /ವಿ "" <ರಾ.ಟಿಎಕ್ಸ್‌ಟಿ

ಇದು ಎಷ್ಟು ಸಾಲಿದೆ ಅಂತ ನಿಜವಾಗಿ ಓದಿ ಹೇಳುತ್ತದೆ. ಫೈಲ್ ತುಂಬ ದೊಡ್ಡದಾದರೆ ನಿಧಾನ ಆಗುತ್ತದೆ, ಆದ್ದರಿಂದ ರಾತ್ರಿ ರೀಸ್ಟಾರ್ಟ್ ಆಗುವಾಗ ಹಳೇದನ್ನು ಬೇರೆ ಹೆಸರಿಗೆ ಬದಲಾಯಿಸಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯುವ ಮಧ್ಯೆ ಆ ಐದು ಸೆಕೆಂಡ್ ಇದೆಯಲ್ಲ, ಹೆಸರು ಬದಲಾಯಿಸಲು ಅದೇ ಸಮಯ.

ಹೆಸರಿಗೆ ತಾರೀಕು, ಗಂಟೆ ಸೇರಿಸುವವರು ಒಂದು ಗಮನಿಸಿ. ಬೆಳಿಗ್ಗೆ ಹತ್ತು ಗಂಟೆಗಿಂತ ಮೊದಲು %ಟೈಮ್% ಶುರುವಾಗುವುದೇ ಒಂದು ಖಾಲಿ ಜಾಗದಿಂದ, 9:05 ಅನ್ನುವುದರ ಮುಂದೆ ಸೊನ್ನೆ ಇರುವುದಿಲ್ಲ. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಹಗಲು ಸರಿಯಾಗಿ ಓಡಿದ ಸ್ಕ್ರಿಪ್ಟ್ ರಾತ್ರಿ ಎರಡು ಗಂಟೆಗೆ ಕೈಕೊಡುತ್ತದೆ. ಗಂಟೆ, ನಿಮಿಷದ ನಡುವಿನ ಆ ಎರಡು ಚುಕ್ಕೆಯೂ ಫೈಲ್ ಹೆಸರಿಗೆ ಆಗುವುದಿಲ್ಲ.

ಕರಿ ಕಿಟಕಿಯ ಇನ್ನೊಂದು ಕಾಟ ಹೇಳಿಬಿಡುತ್ತೇನೆ. ಯಾರಾದರೂ ಅದರ ಒಳಗೆ ಮೌಸ್‌ನಿಂದ ಒಮ್ಮೆ ಕ್ಲಿಕ್ ಮಾಡಿದರೆ ತಲೆಬರಹದಲ್ಲಿ 'ಸೆಲೆಕ್ಟ್' ಅಂತ ಬರುತ್ತದೆ, ಆಮೇಲೆ ಆ ಕಿಟಕಿಗೆ ಬರೆಯಲು ಹೋದದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಲೂಪ್ ಕೂಡ ನಿಲ್ಲುತ್ತದೆ. ಎಂಟರ್ ಅಥವಾ ಎಸ್ಕೇಪ್ ಒತ್ತುವವರೆಗೆ ಹಾಗೇ. ಕಿಟಕಿಯ ಪ್ರಾಪರ್ಟೀಸ್‌ನಲ್ಲಿ ಕ್ವಿಕ್ ಎಡಿಟ್ ಮೋಡ್ ಟಿಕ್ ತೆಗೆದರೆ ಇದು ಬರುವುದಿಲ್ಲ. 'ಲೂಪ್ ಯಾಕೋ ನಿಂತಿದೆ, ಎಂಟರ್ ಒತ್ತಿದರೆ ಓಡುತ್ತದೆ' ಅಂತ ಯಾರಾದರೂ ಹೇಳಿದರೆ ಕಾರಣ ಇದೇ.

ಕೊಟ್ಟಾರ_ಸರ್ವರ್

ಇದನ್ನು ವಿಂಡೋಸ್ ಸರ್ವಿಸ್ (ಪರದೆಯ ಹಿಂದೆ ತಾನಾಗಿ ಓಡುವ ಪ್ರೋಗ್ರಾಂ) ಆಗಿ ಹಾಕಿದರೆ ಬಿದ್ದಾಗ ಎಬ್ಬಿಸುವ ಕೆಲಸ ವಿಂಡೋಸ್ ನೋಡಿಕೊಳ್ಳುತ್ತದೆ, ರಿಕವರಿ ಟ್ಯಾಬ್‌ನಲ್ಲಿ ಮೊದಲ ಸಲ ಬಿದ್ದರೆ ಏನು, ಎರಡನೇ ಸಲ ಏನು ಅಂತ ಕೊಡಬಹುದು. ಸಾಮಾನ್ಯ ಎಕ್ಸ್‌ಇಯನ್ನು ಸರ್ವಿಸ್ ಮಾಡಲು ಎನ್‌ಎಸ್‌ಎಸ್‌ಎಂ ಅನ್ನುವ ಟೂಲ್ ಇದೆ. ಅದು ಪ್ರೋಗ್ರಾಂ ಒಂದೂವರೆ ಸೆಕೆಂಡಿನೊಳಗೆ ಬಿದ್ದರೆ ತಾನೇ ತಡೆದು ತಡೆದು ಎಬ್ಬಿಸುತ್ತದೆ. ಲಿನಕ್ಸ್‌ನಲ್ಲಾದರೆ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ ರೀಸ್ಟಾರ್ಟ್ ಅನ್ನುವ ಒಂದು ಸಾಲು ಸಾಕು. ಬ್ಯಾಚ್ ಲೂಪ್‌ನ ಕಾಲ ಮುಗಿದಿದೆ ಅನ್ನುವುದು ನನ್ನ ಅಭಿಪ್ರಾಯ.

ಸುರತ್ಕಲ್_ಸಿಸ್ಟಂ

ಸರ್ವಿಸ್ ಅಂದರೆ ಸೆಷನ್ 0. ಕಿಟಕಿ ಕಾಣದಿದ್ದರೆ ಆಪರೇಟರ್ ಚೀಟಿ ಒತ್ತುವುದು ಎಲ್ಲಿ? ಪರದೆ ಬೇಡದ ಪ್ರೋಗ್ರಾಂಗಳಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಮಲ್ಪೆಯವರ ತಾಪಮಾನದ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ವೇಬ್ರಿಡ್ಜ್‌ಗೆ ಆಗುವುದಿಲ್ಲ.

ಮಣಿಪಾಲ_ಕಮಾಂಡ್

ಲಾರಿ ನಿಂತಿರುವಾಗ ರೀಸ್ಟಾರ್ಟ್ ಆಗುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಪ್ಲಾಟ್‌ಫಾರಂ ಮೇಲೆ ಲಾರಿ ಇದೆಯೋ ಅನ್ನುವುದು ರಾ ಫೈಲಿನ ಕೊನೆ ಸಾಲಿನಿಂದ ತಿಳಿಯಬಹುದು, ಆದರೆ ಬ್ಯಾಚ್‌ನಲ್ಲಿ ಅದನ್ನು ಬಿಡಿಸುವುದು ಕಿರಿಕಿರಿ. ಅಲ್ಲಿ ಮನುಷ್ಯ ಕೂತಿದ್ದಾನಲ್ಲ, ಅವನನ್ನೇ ಕೇಳಿ. ರಾತ್ರಿಯ ರೀಸ್ಟಾರ್ಟ್ ಫೈಲಿನ ಮೊದಲಿಗೆ:

ಚಾಯ್ಸ್ /ಸಿ ವೈಎನ್ /ಟಿ 60 /ಡಿ ವೈ /ಎಂ "ಈಗ ರೀಸ್ಟಾರ್ಟ್ ಮಾಡಬಹುದೇ"

ಒಂದು ನಿಮಿಷ ಕಾಯುತ್ತದೆ. ಏನೂ ಒತ್ತದಿದ್ದರೆ ಸರಿ ಅಂತ ತಿಳಿದು ಮುಂದೆ ಹೋಗುತ್ತದೆ. ಲಾರಿ ಇದ್ದರೆ ಆಪರೇಟರ್ ಎನ್ ಒತ್ತಲಿ. ಎನ್ ಒತ್ತಿದರೆ ಎರರ್‌ಲೆವೆಲ್ 2, ವೈಗೆ 1. 2 ಬಂದರೆ ಹತ್ತು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಇದೂ ಆಪರೇಟರ್ ಲಾಗಿನ್ ಆಗಿರುವ ಸೆಷನ್‌ನಲ್ಲೇ ಓಡಬೇಕು, ಇಲ್ಲದಿದ್ದರೆ ಪ್ರಶ್ನೆ ಯಾರಿಗೂ ಕಾಣುವುದಿಲ್ಲ. ಪ್ರಶ್ನೆಯ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಆ ಕರಿ ಕಿಟಕಿಯಲ್ಲಿ ಕನ್ನಡ ಒತ್ತಕ್ಷರ ಸರಿ ಮೂಡುವುದಿಲ್ಲ.

ಎರರ್‌ಲೆವೆಲ್ ಮಾತು ಬಂದಾಗ ಇದನ್ನೂ ಹೇಳಬೇಕು. ಪ್ರೋಗ್ರಾಂ ಬಿತ್ತೋ, ಯಾರಾದರೂ ಮುಚ್ಚಿದರೋ ಅಂತ ತಿಳಿಯಲು ಎಲ್ಲ ಕಡೆ 'ಇಫ್ ಎರರ್‌ಲೆವೆಲ್ 1' ಅಂತ ಬರೆದಿರುತ್ತಾರೆ. ಅದರ ಅರ್ಥ ಒಂದು ಅಥವಾ ಅದಕ್ಕಿಂತ ಜಾಸ್ತಿ. ಆದರೆ ವಿಂಡೋಸ್ ಪ್ರೋಗ್ರಾಂ ಮೆಮೊರಿ ತಪ್ಪಿ ಬಿದ್ದಾಗ ಬರುವ ಸಂಖ್ಯೆ -1073741819. ಸೊನ್ನೆಗಿಂತ ಕಡಿಮೆ! ಹಾಗಾಗಿ ಅತಿ ಕೆಟ್ಟ ಕ್ರ್ಯಾಶನ್ನೇ ಆ ಸಾಲು 'ಎಲ್ಲ ಸರಿ' ಅಂತ ಬಿಟ್ಟುಬಿಡುತ್ತದೆ. ಇಫ್ %ಎರರ್‌ಲೆವೆಲ್% ಎನ್‌ಇಕ್ಯು 0 ಅಂತ ಬರೆಯಿರಿ. ಅದನ್ನು ಬ್ರಾಕೆಟ್ ಒಳಗೆ ಬರೆಯುವುದಾದರೆ ಡಿಲೇಡ್ ಎಕ್ಸ್‌ಪಾನ್ಶನ್ ಆನ್ ಮಾಡಿ !ಎರರ್‌ಲೆವೆಲ್! ಬಳಸಬೇಕು, ಬ್ರಾಕೆಟ್ ಒಳಗಿನ ಶೇಕಡಾ ಚಿಹ್ನೆಗಳ ಬೆಲೆ ಬ್ರಾಕೆಟ್ ಶುರುವಾಗುವ ಮೊದಲೇ ತುಂಬಿಬಿಡುತ್ತದೆ.

ಬೈಕಂಪಾಡಿ_ವೇಬ್ರಿಡ್ಜ್

ಎಲ್ಲ ಸೇರಿಸಿ ಹೀಗೆ ಮಾಡಿದ್ದೇನೆ. ಪೂರ್ತಿ ನಿಲ್ಲಿಸಬೇಕಾದಾಗ 'ನಿಲ್ಲಿಸು' ಅನ್ನುವ ಫೈಲ್ ಇಟ್ಟರೆ ಲೂಪ್ ಮುಗಿಯುವ ಹಾಗೆ ನಾನೇ ಸೇರಿಸಿದೆ, ಸರ್ವಿಸಿಂಗ್‌ಗೆ ಜನ ಬಂದಾಗ ಬೇಕಾಗುತ್ತದೆ.

ಸಿಡಿ /ಡಿ "%~ಡಿಪಿ0"
:ಸುರು
ಇಫ್ ಎಕ್ಸಿಸ್ಟ್ ನಿಲ್ಲಿಸು.ಟಿಎಕ್ಸ್‌ಟಿ ಎಕ್ಸಿಟ್ /ಬಿ
ಟಾಸ್ಕ್‌ಲಿಸ್ಟ್ /ಎನ್‌ಎಚ್ /ಎಫ್‌ಐ "ಇಮೇಜ್‌ನೇಮ್ ಇಕ್ಯು ತೂಕ.ಎಕ್ಸ್‌ಇ" | ಫೈಂಡ್ /ಐ "ತೂಕ.ಎಕ್ಸ್‌ಇ" >ನಲ್ && ಗೋಟು ಕಾಯಿ
ಸ್ಟಾರ್ಟ್ "" /ವೇಟ್ "ತೂಕ.ಎಕ್ಸ್‌ಇ"
ಎಕೋ %ಡೇಟ್% %ಟೈಮ್% %ಎರರ್‌ಲೆವೆಲ್%>>ಲೂಪ್.ಲಾಗ್
:ಕಾಯಿ
ಟೈಮ್‌ಔಟ್ /ಟಿ 5 /ನೋಬ್ರೇಕ್ >ನಲ್
ಗೋಟು ಸುರು

ಹ್ಯಾಂಗ್ ನೋಡುವುದು ಬೇರೆ ಫೈಲ್, ರಾತ್ರಿಯ ಪ್ರಶ್ನೆ ಬೇರೆ ಫೈಲ್. ಎರಡೂ ಕೊನೆಗೆ ರೀಸ್ಟಾರ್ಟ್ ಫೈಲನ್ನೇ ಕರೆಯುತ್ತವೆ. ಚೆನ್ನಾಗಿ ಓಡುತ್ತಿದೆ. ಒಂದೇ ವಿಚಿತ್ರ, ಲಾಗ್‌ನಲ್ಲಿ ಕ್ರ್ಯಾಶ್ ಆದದ್ದು ಮಾತ್ರ ಇದೆ. ಆಪರೇಟರ್ ಸರಿಯಾಗಿ ಮುಚ್ಚಿದ್ದು ಒಂದೂ ಇಲ್ಲ, ಆದರೆ ಅವರು ಮುಚ್ಚಿದ್ದನ್ನು ನಾನೇ ನೋಡಿದ್ದೇನೆ.

ಕಾಪು_ಕಡಲತಡಿ

ಎಕೋ ಸಾಲು ನೋಡಿ. ಸರಿಯಾಗಿ ಮುಚ್ಚಿದಾಗ ಎರರ್‌ಲೆವೆಲ್ 0, ಆಗ ಸಾಲಿನ ಕೊನೆ 0>>ಲೂಪ್.ಲಾಗ್ ಅಂತಾಗುತ್ತದೆ. ಬಾಣದ ಗುರುತಿಗೆ ಅಂಟಿಕೊಂಡ ಒಂಟಿ ಅಂಕಿಯನ್ನು ಕಮಾಂಡ್ ಪ್ರಾಂಪ್ಟ್ ಹ್ಯಾಂಡಲ್ ಸಂಖ್ಯೆ (ಬರಹ ಬರುವ, ಹೋಗುವ ದಾರಿಯ ಸಂಖ್ಯೆ) ಅಂತ ಓದುತ್ತದೆ. ಬರಹ ಪರದೆಗೆ ಹೋಗುತ್ತದೆ, ಲಾಗ್‌ಗೆ ಏನೂ ಹೋಗುವುದಿಲ್ಲ. -1073741819 ಉದ್ದದ ಸಂಖ್ಯೆ, ಅದಕ್ಕೆ ಈ ತೊಂದರೆ ಇಲ್ಲ, ಆದ್ದರಿಂದ ಅದು ಮಾತ್ರ ಬರೆದಿದೆ. ಬಾಣವನ್ನು ಮೊದಲಿಗೆ ತನ್ನಿ:

>>ಲೂಪ್.ಲಾಗ್ ಎಕೋ %ಡೇಟ್% %ಟೈಮ್% %ಎರರ್‌ಲೆವೆಲ್%

ತಿದ್ದುವ ಮೊದಲು ಲೂಪ್ ನಿಲ್ಲಿಸಿ. ಬ್ಯಾಚ್ ಫೈಲನ್ನು ವಿಂಡೋಸ್ ಒಂದೇ ಸಲ ಓದಿಟ್ಟುಕೊಳ್ಳುವುದಿಲ್ಲ. ಒಂದು ಸಾಲು ಮುಗಿಸಿ, ಫೈಲಿನಲ್ಲಿ ಎಷ್ಟನೇ ಅಕ್ಷರದ ಹತ್ತಿರ ನಿಂತಿದ್ದೆ ಅಂತ ನೆನಪಿಟ್ಟು, ಅಲ್ಲಿಂದ ಮುಂದೆ ಓದುತ್ತದೆ. ಓಡುತ್ತಿರುವಾಗ ಮೇಲೆ ಎಲ್ಲೋ ನಾಲ್ಕು ಅಕ್ಷರ ಸೇರಿಸಿದರೆ ಯಾವುದೋ ಶಬ್ದದ ಅರ್ಧದಿಂದ ಓದಲು ಶುರು ಮಾಡುತ್ತದೆ. ನಿಮ್ಮ ನಿಲ್ಲಿಸು ಫೈಲ್ ಇಲ್ಲಿ ಉಪಯೋಗಕ್ಕೆ ಬಂತು. ಅದನ್ನು ಇಟ್ಟು, ಪ್ರೋಗ್ರಾಂ ಮುಚ್ಚಿ, ಲೂಪ್ ಮುಗಿದ ಮೇಲೆ ತಿದ್ದಿ.

ಬೈಕಂಪಾಡಿ_ವೇಬ್ರಿಡ್ಜ್

ಬಾಣ ಮುಂದೆ ತಂದ ಮೇಲೆ ಸೊನ್ನೆಗಳೂ ಬರುತ್ತಿವೆ. ಲಾಗ್ ಓದಿದಾಗ ಇನ್ನೊಂದು ಕಂಡಿತು. -1073741819 ಬಂದ ಹೊತ್ತುಗಳೆಲ್ಲ ಕರೆಂಟ್ ಹೋಗಿ ಬಂದ ಹೊತ್ತು. ಕಂಪ್ಯೂಟರ್ ಯುಪಿಎಸ್ ಮೇಲಿದೆ, ತೂಕದ ಇಂಡಿಕೇಟರ್ ಮತ್ತು ಸೀರಿಯಲ್ ಕನ್ವರ್ಟರ್ ಸಿಕ್ಕಿಸಿದ ಯುಎಸ್‌ಬಿ ಹಬ್ ಮಾತ್ರ ನೇರ ಗೋಡೆಯ ಪ್ಲಗ್‌ನಲ್ಲಿದೆ.

ಮಲ್ಪೆ_ಐಸ್‌ಪ್ಲಾಂಟ್

ಅದೇ ಕಾರಣ ಇರಬೇಕು. ಹಬ್‌ಗೆ ಕರೆಂಟ್ ಹೋದರೆ ಕನ್ವರ್ಟರ್ ಮಾಯ ಆಗಿ ಪುನಃ ಬರುತ್ತದೆ, ಪ್ರೋಗ್ರಾಂ ಮಾತ್ರ ಹಳೇ ಪೋರ್ಟನ್ನೇ ಹಿಡಿದುಕೊಂಡು ಕೂತಿರುತ್ತದೆ. ಇಂಡಿಕೇಟರನ್ನು ಯುಪಿಎಸ್ ಲೈನಿಗೆ ಹಾಕಿ, ಹಬ್ ಬಿಟ್ಟು ಕನ್ವರ್ಟರನ್ನು ಕಂಪ್ಯೂಟರ್‌ನ ಹಿಂದಿನ ಸಾಕೆಟ್‌ಗೇ ಸಿಕ್ಕಿಸಿ. ಒಮ್ಮೆ ಸಿಕ್ಕಿಸಿದ ಸಾಕೆಟ್ ಬದಲಾಯಿಸಬೇಡಿ. ಅಗ್ಗದ ಕನ್ವರ್ಟರ್ ಬೇರೆ ಸಾಕೆಟ್‌ಗೆ ಹೋದರೆ ಪೋರ್ಟಿನ ಹೆಸರು ಕಾಮ್ 3 ಇದ್ದದ್ದು ಕಾಮ್ 5 ಆಗಿಬಿಡುತ್ತದೆ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ ಪುನಃ 3 ಮಾಡಬಹುದು.

ಬೈಕಂಪಾಡಿ_ವೇಬ್ರಿಡ್ಜ್

ನಾಳೆ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬರುತ್ತಾರೆ, ಇಂಡಿಕೇಟರ್ ಲೈನ್ ಬದಲಾಯಿಸಿಸುತ್ತೇನೆ. ಕನ್ವರ್ಟರನ್ನು ಈಗಲೇ ಹಿಂದಿನ ಸಾಕೆಟ್‌ಗೆ ಹಾಕಿದೆ, ಕಾಮ್ 4 ಆಗಿತ್ತು, 3 ಮಾಡಿದೆ, ತೂಕ ಬರುತ್ತಿದೆ.